ಬಾಗಿಲಲ್ಲಿ ನಿಂತ ದೊಡ್ಡಾಕಿ

ಮಗಳ ಮನೆಯ ಡ್ರೈಯರಿನಿಂದ ಬಟ್ಟೆ ತೆಗೆಯುವಾಗ ಬಿಸಿ ಟವಲಿನ ವಾಸನೆ ಮೂಗಿಗೆ ಬಡಿಯಿತು. ಥಾರ್ನ್‌ಕ್ಲಿಫ್ ಪಾರ್ಕಿನ ನಮ್ಮ ಹಳೆಯ ಬಿಲ್ಡಿಂಗಿನ ಲಾಂಡ್ರಿ ರೂಮು ನೆನಪಾಯಿತು. ಅಲ್ಲಿ ಬಟ್ಟೆ ಮಡಚುವ ಮೇಜಿಗೆ ಒರಗಿ ಪುಸ್ತಕ ಹಿಡಿದಿರುತ್ತಿದ್ದ ಪಕ್ಕದ ಮನೆಯಾಕೆಯೂ...

ತೊಂಬತ್ತರ ದಶಕದ ಮಾತು. ಊರು ಬಿಟ್ಟು ಈ ಪರದೇಶಕ್ಕೆ ಬಂದು ನಾನಾಗ ಮಗನ ಮನೆಯಲ್ಲಿದ್ದೆ. ಆಕೆ ಧಾರವಾಡದ ಕಡೆಯವಳು, ಕಾಲೇಜು ಓದಿದವಳು. ನಾನು ನಾಲ್ಕನೇ ಕ್ಲಾಸಿಗೇ ಸ್ಲೇಟು ಕೆಳಗಿಟ್ಟವಳು. ಮಂಗಳವಾರ ಇಬ್ಬರದೂ ಬಟ್ಟೆ ಒಗೆಯುವ ದಿನ. ಮೆಷಿನ್ನು ತಿರುಗುವಷ್ಟು ಹೊತ್ತು ಆಕೆ ಲೈಬ್ರರಿಯಿಂದ ತಂದ ಇಂಗ್ಲಿಷ್ ಕಾದಂಬರಿಯನ್ನು ನನಗೆ ಕನ್ನಡದಲ್ಲಿ ಹೇಳುತ್ತಿದ್ದಳು. ಅಮೆರಿಕದ ಯಾವುದೋ ಸಣ್ಣ ಊರು, ಮೊಳೆ-ಬಣ್ಣ ಮಾರುವ ಅಂಗಡಿಯವನ ಸಂಸಾರ. ಆ ಹೆಸರುಗಳು ನನ್ನ ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ಆಕೆ ಅವನ್ನೆಲ್ಲ ಕಿತ್ತುಹಾಕಿ ಯಜಮಾನ್ರು, ಅವ್ವ, ದೊಡ್ಡ ಮಗಳು ದೊಡ್ಡಾಕಿ, ಚಿಕ್ಕವಳು ಸಣ್ಣಾಕಿ ಎಂದು ಮಾಡಿಬಿಟ್ಟಳು. ಅದೇ ತಪ್ಪಾಯಿತು ಅಂತ ಈಗ ಗೊತ್ತಾಗುತ್ತದೆ.

ಆ ದೊಡ್ಡಾಕಿ ಒಬ್ಬ ಲಾರಿ ಡ್ರೈವರನನ್ನು ಮೆಚ್ಚಿ ಮನೆ ಬಿಟ್ಟಳು. ಅವ್ವ ಅವಳ ಫೋಟೋವನ್ನು ಗೋಡೆಯಿಂದ ತೆಗೆದಳು.

"ಅವ್ವ ಸರಿಯಾಗೇ ಮಾಡಿದ್ಲು," ಅಂದೆ ನಾನು.

"ಅಲ್ರೀ ಅಕ್ಕಾರ, ಅಂವಾ ಕುಡಿಯಂಗಿಲ್ಲ, ಹೊಡಿಯಂಗಿಲ್ಲ. ಮತ್ತೇನ್ ಬೇಕ್ರೀ ನಿಮಗ?"

"ನನ್ನೇನ್ ಕೇಳ್ತೀಯ? ಅವರಮ್ಮನ್ನ ಕೇಳು."

ಆಕೆ ನಕ್ಕಳು. ನನ್ನ ಮಗಳು ತಾನೇ ಆರಿಸಿಕೊಂಡ ಪಂಜಾಬಿ ಹುಡುಗನ ಜೊತೆ ಮುಕ್ಕಾಲು ಗಂಟೆ ದೂರದ ಮೆಡೋವೇಲಿನಲ್ಲಿ ಸಂಸಾರ ಮಾಡುತ್ತಿದ್ದುದೂ, ನಾನು ನಾಲ್ಕು ವರ್ಷದಿಂದ ಅವಳ ಜೊತೆ ಮಾತು ಬಿಟ್ಟಿದ್ದೂ ಆಕೆಗೆ ಗೊತ್ತಿತ್ತು.

ಒಂದು ಮಂಗಳವಾರ ಕಥೆ ಕೊನೆಗೆ ಬಂತು. ದೊಡ್ಡಾಕಿ ಮಗು ಎತ್ತಿಕೊಂಡು ಅವ್ವನ ಬಾಗಿಲಲ್ಲಿ ನಿಂತಿದ್ದಳು. ಹೊರಗೆ ಹಿಮ. ಒಳಗೆ ಅವ್ವ, ಕೈ ಚಿಲಕದ ಮೇಲೆ... ಆಕೆ ಪುಸ್ತಕ ಮುಚ್ಚಿಬಿಟ್ಟಳು.

"ಆಮೇಲೆ?" ಅಂದೆ.

"ಮೊದಲ ನಿಮ್ಮ ಮಗಳಿಗೆ ಫೋನ್ ಮಾಡ್ರಿ. ಆಮ್ಯಾಲ ಹೇಳ್ತೀನಿ."

ಮೈಯೆಲ್ಲ ಉರಿಯಿತು. "ನಿನ್ನ ಕಥೆ ನೀನೇ ಇಟ್ಕೊ" ಅಂತ ಒದ್ದೆ ಬಟ್ಟೆಯನ್ನೇ ಬುಟ್ಟಿಗೆ ತುಂಬಿಕೊಂಡು ಮೇಲೆ ಬಂದೆ. ಅವತ್ತಿನಿಂದ ಗುರುವಾರ ಒಗೆಯತೊಡಗಿದೆ. ಎರಡು ತಿಂಗಳು ಹೀಗೇ ಕಳೆಯಿತು. ಒಂದು ದಿನ ಪಕ್ಕದ ಮನೆಯವರ ಹಾಸಿಗೆ, ಕುರ್ಚಿ ಎಲ್ಲ ಲಿಫ್ಟಿನಲ್ಲಿ ಇಳಿಯುತ್ತಿದ್ದವು. ಗಂಡನಿಗೆ ಎಷ್ಟೋ ದೂರದ ಕ್ಯಾಲ್ಗರಿಯಲ್ಲಿ ಕೆಲಸ ಸಿಕ್ಕಿತ್ತಂತೆ. ಆಕೆ ನನ್ನನ್ನು ನೋಡಿ, "ಮಾಡಿದ್ರೇನ್ರಿ?" ಅಂದಳು. ನಾನು ಮುಖ ತಿರುಗಿಸಿದೆ.

ಮುಂದಿನ ವಾರ ಫೋನ್ ಮಾಡಿದೆ. ಮಗಳು "ಅಮ್ಮಾ, ತಿಂಡಿ ಆಯ್ತಾ?" ಅಂದಳು, ನಿನ್ನೆಯಷ್ಟೇ ಮಾತಾಡಿದವಳ ಹಾಗೆ. ಅದನ್ನು ಹೇಳೋಣವೆಂದರೆ ಪಕ್ಕದ ಮನೆಯಾಕೆಯ ನಂಬರು ನನ್ನ ಹತ್ತಿರ ಇರಲಿಲ್ಲ. ಕೆಲವು ವರ್ಷ ಬಿಟ್ಟು ಯುಗಾದಿ ಊಟದ ಪಂಕ್ತಿಯಲ್ಲಿ ಯಾರೋ ಆಕೆ ತೀರಿಕೊಂಡಳು ಅಂದರು. ಎಲೆಗೆ ಹಾಕಿದ್ದ ಹೋಳಿಗೆಯನ್ನು ತಿಂದೆ. ಇನ್ನೇನು ಮಾಡುವುದು...

ಇವತ್ತು ಟವಲು ಮಡಚಿಟ್ಟು, ಆ ಪುಸ್ತಕ ಹುಡುಕೋಣವೆಂದು ಮೊಮ್ಮಗಳನ್ನು ಲೈಬ್ರರಿಗೆ ಎಳೆದುಕೊಂಡು ಹೋದೆ.

"ಬುಕ್ಕಿನ ನೇಮ್ ಏನು ಅಜ್ಜಿ?"

ಗೊತ್ತಿಲ್ಲ. ಬರೆದವರು ಯಾರು? ಅದೂ ಗೊತ್ತಿಲ್ಲ. ಸಣ್ಣ ಊರು, ಮೊಳೆ ಅಂಗಡಿ, ಒಬ್ಬ ಅವ್ವ, ಒಬ್ಬ ದೊಡ್ಡಾಕಿ ಅಂದೆ.

"ಅಜ್ಜಿ, ದಟ್ಸ್ ಲೈಕ್ ಹಾಫ್ ದ ಶೆಲ್ಫ್!" ಅಂತ ನಕ್ಕಳು.

ಬರಿಗೈಯಲ್ಲಿ ವಾಪಸು ಬಂದೆವು. ಆ ಅವ್ವ ಬಾಗಿಲು ತೆಗೆದಳೋ ಇಲ್ಲವೋ, ಅದು ಹೋಗಲಿ. ಲಿಫ್ಟಿನ ಹತ್ತಿರ ಆಕೆ ಕೇಳಿದಳಲ್ಲ, "ಮಾಡಿದ್ರೇನ್ರಿ?" ಅಂತ... ಮುಂದಿನ ವಾರವೇ ಮಾಡಿದೆ ಕಣೇ ಅಂತ ಆಕೆಗೆ ಹೇಳಬೇಕಿತ್ತು.