ಗುಡ್ಡ ಯಾಕೆ ಬಿತ್ತೆಂದು ಕೇಳಿದ ನೆರೈದಾ

ಪೋರ್ಟೊ ರಿಕೊದ ಬೆಟ್ಟಸೀಮೆಯಾದ ಉತುವಾದೊದ ನೆರೈದಾ ಸಿವಿಲ್ ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದಾಗ, ಜೊತೆಗೆ ಭೂವಿಜ್ಞಾನದಲ್ಲೂ ಪದವಿ ಮಾಡುತ್ತೇನೆಂದು ಹಟ ಹಿಡಿದಳು. ಚಂಡಮಾರುತದ ವರ್ಷ ಅವರ ಮನೆಯೆದುರಿನ ಗುಡ್ಡ ಕುಸಿದು, ಪಕ್ಕದ ಮನೆಯ ಮುದುಕಿ ಕಾರ್ಮಿನ್ ಮಣ್ಣಿನಡಿ ಹೋಗಿದ್ದಳು. ಆ ಕೆಂಪು ಜೇಡಿ ಬೆಣ್ಣೆಯಂತೆ ಏಕೆ ಜಾರಿತೆಂಬುದಕ್ಕೆ ಎಂಜಿನಿಯರಿಂಗ್ ತರಗತಿಯಲ್ಲಿ ಉತ್ತರವಿರಲಿಲ್ಲ. ಇಳಿಜಾರಿನ ಕೋನವನ್ನು ಕೋಷ್ಟಕ ನೋಡಿ ಬರೆದುಕೊಂಡರೆ ಮುಗಿಯಿತು.

ಎಂಜಿನಿಯರಿಂಗ್ ವಿಭಾಗದಲ್ಲಿ ಅವಳ ಸಲಹೆಗಾರರಾಗಿದ್ದ ಪ್ರೊಫೆಸರ್ ಫೆಲಿಸಿಯಾನೊ ಅರ್ಜಿಯನ್ನು ಮುಟ್ಟಲೂ ಇಲ್ಲ.

"ಒಂದನ್ನೇ ನೆಟ್ಟಗೆ ಓದೋಕಾಗಲ್ಲ, ಎರಡು ಬೇಕಾ ನಿಂಗೆ? ಕಲ್ಲಿನ ಜಾತಕ ನೋಡ್ತಾ ಕೂತ್ರೆ ಸೇತುವೆ ಯಾರು, ನಿಮ್ಮಜ್ಜಿ ಕಟ್ತಾಳಾ?"

ಭೂವಿಜ್ಞಾನದ ಮೊಂಟಾಲ್ವೊ ಮೇಡಂ ಇನ್ನೂ ಖಾರ. "ಗೊತ್ತಮ್ಮಾ ನಿಮ್ಮ ಎಂಜಿನಿಯರುಗಳ ಬುದ್ಧಿ! ಮೂರು ಕಲ್ಲಿನ ಹೆಸರು ಕಲೀತೀರಿ, ಆಮೇಲೆ ಅದರ ಮೇಲೇ ಸಿಮೆಂಟ್ ಸುರೀತೀರಿ. ಮಂಗಳವಾರ ಎಂಜಿನಿಯರಿಂಗ್ ಪ್ರಯೋಗಾಲಯ, ಅದೇ ಹೊತ್ತಿಗೆ ನಮ್ದೂ. ಗರಗಸ ತಂದಿದೀಯಾ, ಎರಡು ತುಂಡಾಗೋಕೆ?"

ಭಾನುವಾರ ಊರಿಗೆ ಹೋದಳು. ಅಪ್ಪ ವಿಲ್ಫ್ರೆಡೊ ರಸ್ತೆ ಕೆಲಸದ ಬುಲ್ಡೋಜರ್ ಚಾಲಕ; ಮನೆಯೆದುರಿನ ಗುಡ್ಡದ ಬುಡ ಕಡಿದು ರಸ್ತೆ ಮಾಡಿದವನೂ ಅವನೇ. ಅಮ್ಮ ತೊಗರಿಕಾಳಿನ ಅನ್ನ ಬಡಿಸುತ್ತಿದ್ದಳು.

"ಎರಡು ವರ್ಷ ಜಾಸ್ತಿ ಓದಿ ಏನ್ ಕಡಿದು ಗುಡ್ಡೆ ಹಾಕ್ತೀಯ?" ಎಂದ ಅಪ್ಪ.

"ಕಡಿದು ಗುಡ್ಡೆ ಹಾಕಿದ್ದು ನೀನಪ್ಪಾ. ಬುಡ ಕಡಿದಿದ್ದಕ್ಕೇ ಗುಡ್ಡ ಬಿತ್ತು ಅಂತಾರೆ."

ಆಡಬೇಕೆಂದು ಆಡಿದ ಮಾತಲ್ಲ ಅದು. ಬಾಯಿ ಜಾರಿತ್ತು. ಅಪ್ಪ ಚಮಚ ಕೆಳಗಿಟ್ಟ.

"ಅಂದ್ರೆ, ಕಾರ್ಮಿನ್‌ನ ಕೊಂದಿದ್ದು ನಾನು?"

"ಗೊತ್ತಿಲ್ಲ. ಅದಕ್ಕೇ ಓದ್ಬೇಕು."

"ಅಪ್ಪನ ಕುತ್ತಿಗೆಗೆ ಹಗ್ಗ ಹಾಕೋಕೆ ಓದ್ತಾಳಂತೆ! ಏಳು, ಕಣ್ಮುಂದೆ ನಿಲ್ಬೇಡ."

ನೆರೈದಾ ತಟ್ಟೆ ಬಿಟ್ಟು ಎದ್ದಳು. ಘಾಟಿಯಿಳಿಯುವ ವ್ಯಾನಿನಲ್ಲಿ ಕೂತಾಗ, ಇದ್ದ ಒಂದು ಪದವಿಯನ್ನೇ ಮುಗಿಸಿ ಸುಮ್ಮನಾಗೋಣ ಅನ್ನಿಸಿತು. ಲೆಕ್ಕದಲ್ಲಿ ಅವಳೇನೂ ಜಾಣೆಯಲ್ಲ, ಫೆಲಿಸಿಯಾನೊ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆದರೆ ಉಗಿದ ಮೂವರಲ್ಲಿ ಒಬ್ಬರೂ ಅವಳ ಪ್ರಶ್ನೆಯೇ ತಪ್ಪೆಂದಿರಲಿಲ್ಲ. ಸೋಮವಾರ ಕಾಲೇಜಿನ ಕಚೇರಿ ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತು, ಒಂದು ಪ್ರಯೋಗಾಲಯವನ್ನು ಮುಂದಿನ ವರ್ಷಕ್ಕೆ ದೂಡಿಸಿ ಎರಡಕ್ಕೂ ಹೆಸರು ಬರೆಸಿದಳು.

ಆರೂವರೆ ವರ್ಷ ಹಿಡಿಯಿತು. ಎರಡು ಸಲ ನಪಾಸಾದಳು. ಪದವಿ ಸಮಾರಂಭಕ್ಕೆ ಅಪ್ಪ ಬರಲಿಲ್ಲ. ಕೊನೆಯ ವರ್ಷದ ವರದಿಗೆ ಅವಳು ಆರಿಸಿಕೊಂಡದ್ದು ಅದೇ ಗುಡ್ಡವನ್ನು. ಒಳಗಿನ ಬಂಡೆ ಕೊಳೆತು ಹಿಟ್ಟಾಗಿತ್ತು, ಮೇಲಿನ ಮೋರಿ ಕಟ್ಟಿಕೊಂಡು ನೀರು ಒಳಗಿಳಿದಿತ್ತು, ಬುಡವನ್ನೂ ಅತಿಯಾಗಿ ಕಡಿಯಲಾಗಿತ್ತು. ವರದಿ ಹಿಡಿದು ಮನೆಗೆ ಹೋದಳು.

"ನಿನ್ನೊಬ್ಬಂದೇ ತಪ್ಪಲ್ಲ ಅಪ್ಪಾ."

"ನಂದೂ ಇದೆ ಅಂತ ಹೇಳೋಕೆ ಇಷ್ಟು ವರ್ಷ ಬೇಕಾಯ್ತಾ?" ಅಪ್ಪ ಅವಳ ಮುಖಕ್ಕೇ ಬಾಗಿಲು ಹಾಕಿಕೊಂಡ.

ಮರುದಿನ ಅವಳು ವರದಿಯನ್ನು ಪುರಸಭೆಗೆ ಒಪ್ಪಿಸಿದಳು. ಅದರ ನಕ್ಷೆಯಲ್ಲಿ ಅಪ್ಪ ಕಡಿದ ಜಾಗವನ್ನು ಅಳಿಸಿರಲಿಲ್ಲ.