ಹುಳುಮನೆಗೆ ಹೋದ ಅಟೆಂಡೆನ್ಸ್ ಫಾರಂ

ರೇಷ್ಮೆಹುಳು ಎಲೆ ತಿನ್ನುವ ಸದ್ದನ್ನು ನಾನು ಮೊದಲ ಸಲ ಕೇಳಿದ್ದು ಐವತ್ತೇಳನೆಯ ವಯಸ್ಸಿನಲ್ಲಿ. ಪರೀಕ್ಷಾ ಹಾಲಿನಲ್ಲಿ ಇನ್ನೂರು ಮಂದಿ ತಲೆ ಬಗ್ಗಿಸಿ ಒಂದೇ ಸಮನೆ ಬರೆಯುವಾಗ ಪೆನ್ನುಗಳಿಂದ ಏಳುತ್ತದಲ್ಲ, ಅಂಥ ಸದ್ದು. ಚರಚರ, ಚರಚರ. ಈಗಲೂ ಮಧ್ಯಾಹ್ನ ಮನೆ ನಿಶ್ಶಬ್ದವಾಗಿದ್ದರೆ ಅದು ಕಿವಿಯಲ್ಲಿ ಶುರುವಾಗುತ್ತದೆ. ಎದ್ದು ಫ್ಯಾನ್ ಜೋರು ಮಾಡುತ್ತೇನೆ.

ಕೋಲಾರದಿಂದ ದಿನಾ ಬಸ್ಸಿನಲ್ಲಿ ಓಡಾಡಿ ನಾನು ಇಂಗ್ಲಿಷ್ ಕಲಿಸಿದ ಕಾಲೇಜು ಮುಳಬಾಗಿಲಿನ ಕಡೆಯದು. ಅದಕ್ಕೆ ಹೇಳಿಕೊಳ್ಳುವಂಥ ಹಿಸ್ಟರಿಯೇನೂ ಇಲ್ಲ. ಒಂದು ಹೈಸ್ಕೂಲಿನ ಹಿಂದಿನ ಎರಡು ಕೋಣೆಗಳಲ್ಲಿ ಶುರುವಾಯಿತು. ಬೆಳಿಗ್ಗೆ ಅವರ ಮಕ್ಕಳು, ಮಧ್ಯಾಹ್ನ ನಮ್ಮವರು. ಮೀಸೆ ಬಂದ ಬಿ.ಎ. ಹುಡುಗರು ಎಂಟನೇ ಕ್ಲಾಸಿನ ಬೆಂಚುಗಳಲ್ಲಿ ಮಂಡಿ ಮಡಚಿ ಕೂರುತ್ತಿದ್ದರು. ಆಮೇಲೆ ಊರಾಚೆ, ಬಂಡೆಗಳ ನಡುವೆ ಜಾಗ ಸಿಕ್ಕಿತು. ಕಟ್ಟಡ ಬಂತು, ಬಸ್ ಸ್ಟಾಪ್ ಬರಲಿಲ್ಲ. ಹುಡುಗಿಯರ ಟಾಯ್ಲೆಟ್ಟಿಗೆ ಬಾಗಿಲು ಬಂತು, ನೀರು ಬರಲಿಲ್ಲ. ಬೆಳಗಿನಿಂದ ಸಂಜೆವರೆಗೆ ಗುಟುಕು ನೀರು ಕುಡಿಯದೆ ಕೂತಿರುವುದನ್ನು ಅವರು ಸಿಲಬಸ್ಸಿಗಿಂತ ಮೊದಲೇ ಕಲಿತುಬಿಡುತ್ತಿದ್ದರು. ಶ್ರೀನಿವಾಸಪುರದ ಕಡೆಯವರು ಎರಡು ಬಸ್ ಬದಲಾಯಿಸಿ ಬರಬೇಕಿತ್ತು. ಮಾವಿನ ಕಾಲದಲ್ಲಿ, ಟೊಮೇಟೊ ಕೀಳುವ ಕಾಲದಲ್ಲಿ ಅರ್ಧ ಬೆಂಚು ಖಾಲಿ.

ನಾನೋ, ಕಾನ್ವೆಂಟಿನ ಸಿಸ್ಟರುಗಳ ಕೈಯಲ್ಲಿ ಬೆಳೆದವಳು. ಪಂಕ್ಚುಯಾಲಿಟಿ ಅನ್ನುವುದು ನನಗೆ ಪ್ರೇಯರಿನಷ್ಟೇ ದೊಡ್ಡದು. ಲೇಟಾಗಿ ಬಂದವರನ್ನು ಬಾಗಿಲಾಚೆ ನಿಲ್ಲಿಸಿ ಆಬ್ಸೆಂಟ್ ಹಾಕುತ್ತಿದ್ದೆ. "ಗೆಟ್ ಔಟ್" ಅನ್ನಲು ನನ್ನ ನಾಲಿಗೆ ಒಂದು ದಿನವೂ ತಡವರಿಸಲಿಲ್ಲ.

ಹಾಗೆ ಹೆಚ್ಚು ಸಲ ಹೊರಗೆ ನಿಂತವಳು ಕುರುಡುಮಲೆ ದಾಟಿ ಒಂದು ಹಳ್ಳಿಯಿಂದ ಬರುತ್ತಿದ್ದ ಹುಡುಗಿ. ಬಿ.ಎ. ಕೊನೆಯ ವರ್ಷ. ಬಿ.ಎಡ್. ಮಾಡಿ ಟೀಚರ್ ಆಗಬೇಕು ಅನ್ನುವುದು ಅವಳ ಆಸೆ. ಬಾಗಿಲಾಚೆ ನಿಂತೇ ನೋಟ್ಸ್ ಬರೆದುಕೊಳ್ಳುತ್ತಿದ್ದಳು. ತಿಂಗಳಿಗೊಮ್ಮೆ ಒಂದು ವಾರ ಕಾಣುತ್ತಲೇ ಇರಲಿಲ್ಲ. ಕೇಳಿದರೆ, "ಮನೇಲಿ ಕೆಲ್ಸ ಮೇಡಂ" ಅಷ್ಟೇ. ಎಪ್ಪತ್ತೈದು ಪರ್ಸೆಂಟ್ ಹಾಜರಿ ಇಲ್ಲದವರ ಪಟ್ಟಿ ನೋಟೀಸ್ ಬೋರ್ಡಿಗೆ ಬಂದಾಗ ಅವಳ ಹೆಸರಿತ್ತು. ಬೇರೆಲ್ಲ ಸಬ್ಜೆಕ್ಟಿನಲ್ಲೂ ಹೇಗೋ ದಾಟಿದ್ದಳು. ನನ್ನದರಲ್ಲಿ ಮಾತ್ರ ಶಾರ್ಟೇಜ್.

ಸ್ಟಾಫ್ ರೂಮಿನ ಬಾಗಿಲಿಗೆ ಬಂದು ನಿಂತಳು. ಜೊತೆಗೆ ಅದೇ ಊರಿನ ಅವಳ ಗೆಳತಿ, ಬಾಯಿ ಜೋರು.

"ಹುಳ ಕಡೇ ಹಂತಕ್ಕೆ ಬಂದಾಗ ದಿನಕ್ಕೆ ನಾಕು ಸಲ ಸೊಪ್ಪು ಹಾಕ್ಬೇಕು ಮೇಡಂ. ಇವ್ಳು ಬಂದ್ರೆ ಯಾರ್ ಹಾಕ್ತಾರೆ, ನೀವ್ ಬರ್ತೀರಾ?" ಅಂದಳು ಗೆಳತಿ.

"ಸುಮ್ನಿರೇ ಲೇ," ಅಂತ ಇವಳು ಚಿವುಟಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು: "ಈ ಬೆಳೆ ಗೂಡು ಕಟ್ಟಿದ್ರೆ ಬಿ.ಎಡ್.ಗೆ ಕಳಿಸ್ತೀನಿ ಅಂದವ್ರೆ ಮೇಡಂ ನಮ್ಮಪ್ಪ. ಇಲ್ದಿದ್ರೆ ನಮ್ಮ ಸೋದರಮಾವನಿಗೆ ಕೊಟ್ಟು ಮದ್ವೆ ಮಾಡ್ತಾರೆ."

ಹಾಜರಿಯ ಕೊರತೆ ಮನ್ನಾ ಮಾಡಲು ಪ್ರಿನ್ಸಿಪಾಲರು ಒಪ್ಪಿದರು, ಆದರೆ ತಂದೆ ಖುದ್ದಾಗಿ ಬಂದು ಅದರ ಫಾರಂಗೆ ಸಹಿ ಹಾಕಬೇಕು. ತಂದೆ ಹುಳು ಬಿಟ್ಟು ಬರುವ ಹಾಗಿರಲಿಲ್ಲ. ನಾನೇ ತಗೊಂಡು ಹೋಗುತ್ತೇನೆ ಅಂದೆ. ಅಷ್ಟು ಆಬ್ಸೆಂಟ್ ಹಾಕಿದ ಕೈ, ಒಂದು ಒಳ್ಳೆಯ ಕೆಲಸ ಮಾಡಲಿ ಅನ್ನಿಸಿತ್ತು. ಹೆಮ್ಮೆಯೂ ಇತ್ತು, ಸುಳ್ಳು ಯಾಕೆ.

ಬಸ್ ಇಳಿದು, ಯಾರೋ ತೋರಿಸಿದ ಅಡ್ಡದಾರಿ ಹಿಡಿದು ಟೊಮೇಟೊ ತೋಟದೊಳಗೆ ನಡೆದೆ. ಬೆಳಿಗ್ಗೆ ತಾನೇ ಔಷಧಿ ಹೊಡೆದಿದ್ದರು. ವಾಸನೆ ಮೂಗಿಗೆ ಬಡಿಯಿತು. ಸೀರೆಯ ಅಂಚು ಗಿಡಗಳಿಗೆ ಸವರಿ ಒದ್ದೆಯಾಯಿತು. ಕೈಯಲ್ಲಿ ಹಿಂಡಿಕೊಂಡು ನಡೆದೆ.

ಹುಳು ಸಾಕುವ ಕೋಣೆ ಮನೆಗೆ ಅಂಟಿಕೊಂಡೇ ಇತ್ತು. ಬಾಗಿಲಲ್ಲಿ ಕಾಲು ಅದ್ದಿಕೊಂಡು ಒಳಗೆ ಹೋಗಲು ಬ್ಲೀಚಿಂಗ್ ನೀರಿನ ಬಾಂಡ್ಲಿ. ಚಪ್ಪಲಿ ಹಾಳಾದೀತು ಅಂತ ಅದರ ಪಕ್ಕದಿಂದ ಹಾದು ಒಳಗೆ ಹೋದೆ. ಅಜ್ಜಿಯೊಬ್ಬರು ಎದ್ದು ಏನೋ ಹೇಳಲು ಬಾಯಿ ತೆರೆದರು. ತಂದೆ ಕೈಯೆತ್ತಿ ತಡೆದು, ತೆಲುಗಿನಲ್ಲಿ, "ಮೇಡಂಗಾರು ವಚ್ಚಿನಾರು, ಊರುಕೋ" ಅಂದರು. ಮೇಡಂ ಬಂದಿದ್ದಾರೆ, ಸುಮ್ಮನಿರು.

ತಟ್ಟೆಗಳ ಸಾಲು. ಬೆರಳುದ್ದದ ಬಿಳಿ ಹುಳುಗಳು. ಆ ಸದ್ದು. ನಾನು ಮಗುವಿನ ಹಾಗಾದೆ. "ಹೌ ಬ್ಯೂಟಿಫುಲ್!" ಅಂದು, ಕೇಳದೆಯೇ, ಸೀರೆ ಹಿಂಡಿದ ಕೈಯಿಂದಲೇ ಒಂದು ಹಿಡಿ ಸೊಪ್ಪು ತೆಗೆದು ಹತ್ತಿರದ ತಟ್ಟೆಯ ಮೇಲೆ ಉದುರಿಸಿದೆ. ಹುಡುಗಿ ಸೊಪ್ಪಿನ ಬುಟ್ಟಿ ಹಿಡಿದು ನಿಂತಿದ್ದಳು. "ಮೇಡಂ..." ಅಂದಳು. ಅವಳನ್ನು ನಾನು ಎಷ್ಟು ಸಲ ಹೊರಗೆ ಕಳಿಸಿದ್ದೆ! ನನ್ನನ್ನು ಒಂದೇ ಒಂದು ಸಲ ಹೊರಗೆ ಕಳಿಸಲು ಆ ಮನೆಯಲ್ಲಿ ಯಾರಿಗೂ ಬಾಯಿ ಬರಲಿಲ್ಲ.

ತಂದೆ ಸಹಿ ಹಾಕಿದರು. ಕಾಫಿ ಕೊಟ್ಟರು. ಬಸ್ಸಿನವರೆಗೂ ಬಂದು ಕೈಮುಗಿದರು.

ಮೂರನೆಯ ದಿನ ಗೆಳತಿ ಒಬ್ಬಳೇ ಬಂದಳು. ಬಾಯಿ ಜೋರು ಎಲ್ಲೋ ಹೋಗಿತ್ತು. "ಹುಳ ಎಲ್ಲಾ ಹಸ್ರುಗೆ ಕಕ್ಕಿ ಸತ್ತೋದ್ವು ಮೇಡಂ. ನೀವ್ ಸೊಪ್ಪು ಹಾಕಿದ್ರಲ್ಲ, ಆ ತಟ್ಟೆಯಿಂದ್ಲೇ ಶುರುವಾಯ್ತಂತೆ. ಕಾಲೇಜು ಮನೆಯೊಳಕ್ಕೆ ಕಾಲಿಟ್ಟಿದ್ದಕ್ಕೇ ಹಿಂಗಾಯ್ತು, ಇನ್ನು ಕಾಲೇಜಿನ ಮಾತು ಎತ್ಬೇಡಿ ಅಂತವ್ರೆ ಅಜ್ಜಿ."

ರೇಷ್ಮೆ ಇಲಾಖೆಯಲ್ಲಿದ್ದ ಪರಿಚಯದವರೊಬ್ಬರನ್ನು ಕೇಳಿದೆ. ಪಕ್ಕದ ಹೊಲದ ಔಷಧಿ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೇ ಕೂತಿರಬಹುದು, ನಿಮ್ಮ ಒಂದು ಹಿಡಿಯಿಂದ ಇಡೀ ಮನೆಯ ಹುಳು ಹೋಗುತ್ತಾ, ಅಂದರು. ಇರಬಹುದು. ನಾನು ಆ ಮಾತನ್ನು ಹಿಡಿದುಕೊಳ್ಳಲು ಬಹಳ ಪ್ರಯತ್ನಪಟ್ಟೆ. ಕೈಗೆ ನಿಲ್ಲಲಿಲ್ಲ. ಆ ಮನೆಗೆ ಮತ್ತೆ ಹೋಗುವ ಧೈರ್ಯವೂ ಬರಲಿಲ್ಲ. ಹೋಗಿ ಕಾಲು ಹಿಡಿದಿದ್ದರೆ ಪರೀಕ್ಷೆಗಾದರೂ ಕಳಿಸುತ್ತಿದ್ದರೇನೋ. ಹಾಲ್ ಟಿಕೆಟ್ ಬಂತು. ಪರೀಕ್ಷೆ ಮುಗಿದ ಮೇಲೂ ಅದು ಆಫೀಸಿನ ಕವರಿನಲ್ಲೇ ಇತ್ತು. ಸೋದರಮಾವನ ಜೊತೆ ಅವಳ ಮದುವೆಯಾದ ಸುದ್ದಿ ಗೆಳತಿಯಿಂದ ಗೊತ್ತಾಯಿತು. ಆ ವರ್ಷದ ರಿಸಲ್ಟ್ ಚೆನ್ನಾಗಿತ್ತು, ಸ್ವೀಟ್ ಹಂಚಿದರು. ನಾನು ಹೆಡ್‌ಏಕ್ ಅಂತ ಬೇಗ ಮನೆಗೆ ಬಂದೆ.

ರಿಟೈರ್ ಆದ ಎಷ್ಟೋ ವರ್ಷಗಳ ಮೇಲೆ, ಬೆಂಗಳೂರಿಗೆ ಹೋಗಲು ಒಂದು ಬೆಳಿಗ್ಗೆ ಮಾಲೂರು ಸ್ಟೇಷನ್ನಿನಲ್ಲಿ ಕೂತಿದ್ದೆ. ಫ್ಯಾಕ್ಟರಿ ಕೆಲಸಕ್ಕೆ ಹೋಗುವ ಹೆಂಗಸರ ಗುಂಪಿನಿಂದ ಒಬ್ಬಳು ಹತ್ತಿರ ಬಂದಳು. ಅವಳೇ.

"ಮೇಡಂ, ಚೆನ್ನಾಗಿದ್ದೀರಾ? ಸಣ್ಣ ಆಗ್ಬಿಟ್ಟಿದ್ದೀರ."

ಕೊರಳಲ್ಲಿ ಕಂಪನಿಯ ಐಡಿ ಕಾರ್ಡ್. ಕಣ್ಣಿನ ಸುತ್ತ ಕಪ್ಪು. ಗಂಡ ಇಟ್ಟಿಗೆ ಗೂಡಿನ ಲಾರಿ ಓಡಿಸುತ್ತಾನೆ, ಇಬ್ಬರು ಮಕ್ಕಳು, ಅಂದಳು. ಹುಳು ಸಾಕುವುದನ್ನು ಅಪ್ಪ ಆಗಲೇ ಬಿಟ್ಟರಂತೆ.

"ಆಗ ಬಿಟ್ಟ ಪರೀಕ್ಷೆ ಪೇಪರುಗಳನ್ನ ಈಗಲೂ ಬರೀಬಹುದಲ್ಲೇ? ನಾನು ವಿಚಾರಿಸ್ತೀನಿ," ಅಂದೆ.

"ಈಗ್ಯಾಕೆ ಮೇಡಂ. ಬರೆಯೋ ಕೈ ಹೋಯ್ತು."

ತಡೆಯಲಾಗಲಿಲ್ಲ. "ಅವತ್ತು ನನ್ನನ್ನ ಹೊರಗೆ ಹೋಗಿ ಅನ್ನಬೇಕಿತ್ತು ಕಣೇ ನೀನು."

ಅವಳು ನಿಜವಾಗಿಯೂ ಆಶ್ಚರ್ಯದಿಂದ ನನ್ನನ್ನು ನೋಡಿದಳು. "ಮೇಡಂಗೆ ಹಂಗಂತಾರಾ?"

ಅವಳ ಪ್ಯಾಸೆಂಜರ್ ಗಾಡಿ ಬಂತು, ನನ್ನದು ಆಮೇಲಿನ ಎಕ್ಸ್‌ಪ್ರೆಸ್. ಹೆಂಗಸರು ನುಗ್ಗಿದರು, "ಬಾರೇ, ಸೀಟು ಹೋಯ್ತು!" ಅಂತ ಯಾರೋ ಕೂಗಿದರು. ಅವಳು ಓಡಲು ತಿರುಗಿದವಳು ನಿಂತು, ಬಗ್ಗಿ, ನೀರು ನಿಂತ ಜಾಗದಲ್ಲಿದ್ದ ನನ್ನ ಬ್ಯಾಗನ್ನು ಎತ್ತಿ, ತನ್ನ ಸೆರಗಿನಿಂದ ತಳ ಒರೆಸಿ, ಬೆಂಚಿನ ಮೇಲಿಟ್ಟಳು. ಆಮೇಲೆ ಓಡಿದಳು. ಸೀಟು ಸಿಗಲಿಲ್ಲ, ಬಾಗಿಲ ಕಂಬಿ ಹಿಡಿದು ನಿಂತಿದ್ದಳು. ನಾನು ಅವಳನ್ನು ನೋಡಿದ್ದು ಅದೇ ಕೊನೆ.