ಮುದ್ದಮ್ಮನ ಲೇಬಲ್ ಪುಸ್ತಕ

ಇಂಗ್ಲಿಷ್ ಕಲಿಸುವವರ ಸೊಕ್ಕು ಎಂಥದ್ದೆಂದು ನನಗೆ ಚೆನ್ನಾಗಿ ಗೊತ್ತು. ಇಪ್ಪತ್ತನೇ ವಯಸ್ಸಿಗೇ ಅದು ನನ್ನ ತಲೆಗೇರಿತ್ತು. ಬಣಕಲ್‌ನಲ್ಲಿ ಹೆದ್ದಾರಿ ಪಕ್ಕದ ನಮ್ಮಪ್ಪನ ಗ್ಯಾರೇಜಿನ ಹಿಂದೆ, ಹಳೇ ಟೈರುಗಳ ನಡುವೆ ಚಾಪೆ ಹಾಸಿ, ಭಾನುವಾರಗಳಲ್ಲಿ ಎಸ್ಸೆಸ್ಸೆಲ್ಸಿ ಇಂಗ್ಲಿಷ್‌ನಲ್ಲಿ ಫೇಲಾದವರಿಗೆ ಪಾಠ ಹೇಳುತ್ತಿದ್ದೆ. ನಾನಿನ್ನೂ ಮೂಡಿಗೆರೆಯಲ್ಲಿ ಬಿ.ಎ. ಎರಡನೇ ವರ್ಷದಲ್ಲಿದ್ದೆ. ಆದರೂ ಯಾರಾದರೂ "ಹುಸ್ನಾ ಟೀಚರ್" ಎಂದರೆ ಸಾಕು, ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಮುದ್ದಮ್ಮ ಬಂದದ್ದು ತೊಂಬತ್ತೇಳರಲ್ಲಿ. ಪಕ್ಕದ ಕಾಫಿ ಎಸ್ಟೇಟಿನ ಕೂಲಿಯಾಳು, ವಯಸ್ಸು ನಲವತ್ತರ ಹತ್ತಿರ. ಸಾಕ್ಷರತೆಯವರು ಕನ್ನಡ ಕಲಿಸಿ ಹೋಗಿದ್ದರು. ಅಷ್ಟು ಸಾಲದೆ ಈಗ ಇಂಗ್ಲಿಷ್ ಬೇಕಂತೆ. ನನಗೆ ನಗು ಬಂತು.

"ಯಾಕೆ, ಲಂಡನ್‌ಗೆ ಹೋಗ್ತೀಯಾ ಮಾರಾಯ್ತಿ?" ಎಂದೆ.

"ಇಲ್ಲ ಟೀಚರ್. ಎಸ್ಟೇಟಿಗೆ ಬರೋ ಒಂದೊಂದು ಡಬ್ಬನೂ ಇಂಗ್ಲಿಷಲ್ಲಿ ಏನೋ ಹೇಳ್ತದೆ. ಹೊರೋರು ನಾವು, ನಮಗೇ ಗೊತ್ತಾಗಲ್ಲ ಅದು ಎಂತ ಹೇಳ್ತದೆ ಅಂತ."

ಡಬ್ಬದ ಮೇಲೇ ಅಷ್ಟು ಪ್ರೀತಿಯಿದ್ದರೆ ಡಬ್ಬದಿಂದಲೇ ಕಲಿ ಎಂದೆ. ಖಾಲಿ ಡಬ್ಬಗಳ ಲೇಬಲ್ ಕಿತ್ತು ನೋಟ್‌ಬುಕ್ಕಿನಲ್ಲಿ ಅಂಟಿಸಿಕೊಂಡು ಬಾ, ಅದೇ ನಿನ್ನ ಪಠ್ಯಪುಸ್ತಕ. ಎಂಥಾ ಉಪಾಯ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಉಗ್ರಾಣ ಗುಡಿಸುವ ಕೆಲಸ ಅವಳದ್ದೇ ಆಗಿದ್ದರಿಂದ ಲೇಬಲ್ಲಿಗೆ ಬರವಿರಲಿಲ್ಲ. ಬಿಸ್ಕತ್ತಿನದು, ಗ್ರೀಸಿನದು, ಗೊಬ್ಬರದ್ದು, ಕೀಟನಾಶಕದ್ದು, ಎಲ್ಲ ಬಂದವು. ಒಂದೊಂದು ಪದದ ಕೆಳಗೂ ಬೆರಳಿಟ್ಟು, ಇರುವೆ ಹರಿದ ಹಾಗೆ ಓದುತ್ತಿದ್ದಳು. ನನಗೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ಒಂದು ಮಾತನ್ನು ಮಾತ್ರ ವಾರವಾರವೂ ಎಲ್ಲರ ತಲೆಗೆ ಕುಟ್ಟುತ್ತಿದ್ದೆ. "ಗೊತ್ತಿರೋ ಪದ ಕಂಡ ಕೂಡಲೇ ಹಾರಬೇಡಿ. ಫುಲ್‌ಸ್ಟಾಪ್ ತನಕ ಓದಿ, ಆಮೇಲೆ ಬಾಯಿ ಬಿಡಿ."

ತೊಂಬತ್ತೆಂಟರ ಅಕ್ಟೋಬರ್. ಒಂದು ಭಾನುವಾರ ಮುದ್ದಮ್ಮ ಹೊಸ ಲೇಬಲ್ ಇಲ್ಲದೆ ಬಂದಳು. ಆ ವಾರ ಯಾವ ಡಬ್ಬವೂ ಖಾಲಿಯಾಗಿರಲಿಲ್ಲವಂತೆ. ನಾನು ಎಲ್ಲರೆದುರೇ ಬೈದೆ. "ನೆಪ ಹೇಳೋದಾದ್ರೆ ಬರಲೇಬೇಡ. ಮುಂದಿನ ವಾರ ಎರಡು ತರಬೇಕು." ಮುಂದಿನ ಭಾನುವಾರ ಸರಿಯಾಗಿ ಎರಡನ್ನು ಅಂಟಿಸಿಕೊಂಡು ಬಂದಳು. ಎಲ್ಲಿಂದ ತಂದಳೆಂದು ನಾನು ಕೇಳಲಿಲ್ಲ. ಅರ್ಥ ಬರೆದದ್ದನ್ನು ತಿದ್ದಿ ಕೊಡುತ್ತೇನೆಂದು ಪುಸ್ತಕವನ್ನು ಇಟ್ಟುಕೊಂಡೆ.

ಮಂಗಳವಾರ, ದಸರಾ ರಜೆ. ಹನ್ನೊಂದು ಗಂಟೆಗೆ ಎಸ್ಟೇಟಿನ ಜೀಪು ಗ್ಯಾರೇಜಿನೆದುರು ಕಿರುಚಿ ನಿಂತಿತು. ಮುದ್ದಮ್ಮ ಹಾರಿ ಇಳಿದಳು, ಕಾಲಲ್ಲಿ ಚಪ್ಪಲಿಯಿಲ್ಲ.

"ಟೀಚರ್, ನನ್ನ ಪುಸ್ತಕ! ಬೇಗ ಕೊಡಿ, ನನ್ನ ಗಂಡ ಸಾಯ್ತಾನೆ!"

ಜೀಪಿನ ಹಿಂದಿನ ಸೀಟಿನಲ್ಲಿ ಅವಳ ಗಂಡ ಮಂಜಯ್ಯ ಮಲಗಿದ್ದ. ಕೈಕಾಲು ಸೆಟೆದು ಸೆಟೆದು ಬಡಿದುಕೊಳ್ಳುತ್ತಿದ್ದವು. ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ನಿಂಗಯ್ಯ ಅವನ ಭುಜವನ್ನು ಒತ್ತಿ ಹಿಡಿದಿದ್ದ. ಬೆಳಿಗ್ಗೆಯಿಂದ ಮಂಜಯ್ಯ ಗಿಡಗಳಿಗೆ ಔಷಧಿ ಹೊಡೆಯುತ್ತಿದ್ದನಂತೆ. ಪಂಪಿನ ತುದಿಯ ನಾಜಲ್ ಕಟ್ಟಿಕೊಂಡಿತು. ಕಟ್ಟಿಕೊಂಡರೆ ನಮ್ಮ ಕಡೆಯ ಆಳುಗಳು ಮಾಡುವುದು ಒಂದೇ, ಬಾಯಿಟ್ಟು ಊದುವುದು, ಬಿಡದಿದ್ದರೆ ಚೀಪಿ ಎಳೆಯುವುದು. ಚುಚ್ಚಿ ಬಿಡಿಸಲು ಸೂಜಿ ಹುಡುಕುತ್ತ ಕೂತರೆ ಮೇಸ್ತ್ರಿ ಬೈಯುತ್ತಾನೆ. ಮಂಜಯ್ಯ ಚೀಪಿದ. ಗುಟುಕು ಒಳಗೆ ಹೋಯಿತು.

"ಯಾವ ಔಷಧಿ ಅಂತ ಆಸ್ಪತ್ರೇಲಿ ಕೇಳ್ತಾರೆ ಕಣಮ್ಮ," ಎಂದು ನಿಂಗಯ್ಯ ಬಿಳಿ ಡಬ್ಬವೊಂದನ್ನು ಎತ್ತಿ ತೋರಿಸಿದ. "ಈ ವಾರ ಎರಡು ಥರದ್ದಿತ್ತು, ಒಂದು ಬೋರರ್ ಹುಳಕ್ಕೆ, ಇನ್ನೊಂದು ಹಸಿರು ತಿಗಣೆಗೆ. ಡಬ್ಬ ಎರಡೂ ಒಂದೇ ಥರ. ನೋಡಿದ್ರೆ ಲೇಬಲ್ಲೇ ಇಲ್ಲ!"

"ನಾನೇ ಕಿತ್ತಿದ್ದು," ಎಂದಳು ಮುದ್ದಮ್ಮ. "ಡಬ್ಬದಲ್ಲಿ ಅರ್ಧ ಇತ್ತು. ಟೀಚರ್ ಬೈತಾರಲ್ಲ ಅಂತ ಕಿತ್ತೆ. ಗಂಡನ್ನ ನಾನೇ ಕೊಂದೆ." ಹಣೆಯನ್ನು ಜೀಪಿನ ಬಾಗಿಲಿಗೆ ಚಚ್ಚಿಕೊಂಡಳು.

ಕಿತ್ತವಳು ಅವಳು, ಕೀಳಿಸಿದವಳು ನಾನು. ಒಳಗೆ ಓಡಿ, ಮೇಜಿನ ಮೇಲಿದ್ದುದನ್ನೆಲ್ಲ ಕೆಡವಿ ಪುಸ್ತಕ ತಂದೆ. ಕೊನೆಯ ಪುಟಗಳಲ್ಲಿ ಎರಡು ಲೇಬಲ್‌ಗಳು, ಎರಡರ ಮೇಲೂ ಕೆಂಪು ತ್ರಿಕೋನ. ಈ ಡಬ್ಬದ್ದು ಯಾವುದು? ಮುದ್ದಮ್ಮ ಡಬ್ಬವನ್ನು ಕಿತ್ತುಕೊಂಡು ತಿರುಗಿಸಿದಳು. ಬುಡದ ಹತ್ತಿರ ಉಗುರಗಲದ ಕಾಗದವೊಂದು ಇನ್ನೂ ಅಂಟಿಕೊಂಡಿತ್ತು. ಎರಡನೇ ಲೇಬಲ್ಲಿನ ಮೂಲೆ ಹರಿದಿತ್ತು. ಹಿಡಿದು ನೋಡಿದರೆ ಗೆರೆಗೆ ಗೆರೆ ಕೂಡಿತು.

"ಇದೇ! ಓದಿ ಟೀಚರ್, ಎಂತ ಮಾಡಬೇಕಂತೆ?"

ಅಷ್ಟರಲ್ಲಿ ನಮ್ಮಮ್ಮ ಜಮೀಲುನ್ನೀಸಾ ದೊಡ್ಡ ಲೋಟದ ತುಂಬ ಹಾಲು ತಂದಿದ್ದಳು. ವಿಷ ಹೊಟ್ಟೆಗೆ ಹೋದವರಿಗೆ ನಮ್ಮೂರಲ್ಲಿ ಎಲ್ಲರೂ ಮೊದಲು ಕುಡಿಸುವುದು ಹಾಲನ್ನೇ. ಮಂಜಯ್ಯನ ಸೆಳೆತ ಒಂದು ಗಳಿಗೆ ನಿಂತಿತ್ತು. ನಿಂಗಯ್ಯ ಅವನ ದವಡೆ ಬಿಡಿಸುತ್ತಿದ್ದ.

ಅಕ್ಷರಗಳು ಸಾಸಿವೆ ಕಾಳಿನಷ್ಟಿದ್ದವು. ಕಣ್ಣು ಸಾಲಿಂದ ಸಾಲಿಗೆ ಹಾರಿ ಒಂದು ಪದದ ಮೇಲೆ ಬಿತ್ತು. ಮಿಲ್ಕ್. ಅಬ್ಬಾ, ಸಿಕ್ಕಿತು!

"ಹಾಲು ಅಂತಲೇ ಇದೆ! ಕುಡಿಸು ಅಮ್ಮಿ, ಬೇಗ ಕುಡಿಸು!"

ಅಮ್ಮ ಲೋಟವನ್ನು ಅವನ ತುಟಿಗಿಟ್ಟಳು. ಮುದ್ದಮ್ಮ ಮಾತ್ರ ನನ್ನ ಮಾತು ಕೇಳಿಸಿಕೊಂಡಂತೆ ಕಾಣಲಿಲ್ಲ. ಲೇಬಲ್ಲಿನ ಮೇಲೆ ಬೆರಳಿಟ್ಟಿದ್ದಳು. ಗಂಡ ಸಾಯುತ್ತಿದ್ದರೂ ಆ ಬೆರಳು ಅವಸರ ಮಾಡಲಿಲ್ಲ. "ಇಫ್... ಸ್ವಾಲೋಡ್... ಡು... ನಾಟ್... ಗಿವ್... ಮಿಲ್ಕ್... ಆಯಿಲ್ಸ್..." ಬೆರಳು ಫುಲ್‌ಸ್ಟಾಪ್ ಮುಟ್ಟಿತು. ಮರುಕ್ಷಣ ಅವಳ ಕೈ ಬೀಸಿತು. ಲೋಟ ಹಾರಿ ಹೆದ್ದಾರಿಯ ಮೇಲೆ ಠಣಠಣ ಉರುಳಿತು, ಹಾಲೆಲ್ಲ ಅಮ್ಮನ ಸೀರೆಯ ಮೇಲೆ.

"ಹಾಲು ಕೊಡಬಾರದು! ಎಣ್ಣೆನೂ ಕೊಡಬಾರದು! ಡಾಕ್ಟ್ರ ಹತ್ರ ಹೋಗೋಣ. ನಡೀರಿ!"

ನಾನೂ ಜೀಪು ಹತ್ತಿದೆ. ಮೂಡಿಗೆರೆ ಮುಟ್ಟುವಷ್ಟರಲ್ಲಿ ಮಂಜಯ್ಯನಿಗೆ ಇನ್ನೆರಡು ಸಲ ಸೆಳೆತ ಬಂತು. ದಾರಿಯುದ್ದಕ್ಕೂ ಮುದ್ದಮ್ಮ ಅತ್ತ ಗಂಡನ ತಲೆ, ಇತ್ತ ಪುಸ್ತಕ, ಎರಡನ್ನೂ ಬಿಡಲಿಲ್ಲ. ಒಂದು ಹನಿ ಹಾಲಾದರೂ ಒಳಗೆ ಹೋಗಿದ್ದರೆ ಏನು ಗತಿ ಎಂದು ನಾನು ಅವನ ತುಟಿಯನ್ನೇ ನೋಡುತ್ತ ಕೂತಿದ್ದೆ. ಅಲ್ಲಾಹ್, ಇವನನ್ನು ಉಳಿಸು, ನಾನು ಇನ್ನೆಂದೂ ಟೀಚರ್ ಅನ್ನಿಸಿಕೊಳ್ಳುವುದಿಲ್ಲ ಎಂದು ಹರಕೆ ಹೊತ್ತೆ.

ಆಸ್ಪತ್ರೆಯಲ್ಲಿ ಡಾಕ್ಟರ್ ಲೇಬಲ್ ನೋಡಿದರು, ಆ ಪುಟವನ್ನು ಹರಿದು ಕೇಸ್‌ಶೀಟಿಗೆ ಪಿನ್ ಮಾಡಿದರು. "ಹಾಲು, ಎಣ್ಣೆ ಏನಾದ್ರೂ ಕುಡಿಸಿದ್ರಾ?"

"ಇಲ್ಲ ಸ್ವಾಮಿ."

"ಪುಣ್ಯ. ಎಲ್ಲರೂ ಅದನ್ನೇ ಮಾಡ್ಕೊಂಡು ಬರ್ತಾರೆ. ಯಾರು ಇದನ್ನ ಓದಿದ್ದು?"

ನಾನು ಬಾಯಿ ತೆರೆಯಬೇಕಿತ್ತು. ಮುದ್ದಮ್ಮ ನನ್ನತ್ತ ಕೈ ತೋರಿಸಿದಳು. "ನಮ್ಮ ಟೀಚರ್."

ನಿಂಗಯ್ಯ ತಲೆ ತಗ್ಗಿಸಿದ. ಡಾಕ್ಟರ್ ನನ್ನನ್ನು ನೋಡಿ "ಗುಡ್" ಎಂದರು. ನಾನು ಸುಮ್ಮನಿದ್ದೆ. ಥೂ, ಈಗ ನೆನೆದರೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳೋಣ ಅನ್ನಿಸುತ್ತದೆ.

ಮೂರನೇ ದಿನ ಮಂಜಯ್ಯ ಕಣ್ಣು ಬಿಟ್ಟು ಗಂಜಿ ಕೇಳಿದ. ಬಣಕಲ್ ತುಂಬ ನನ್ನದೇ ಸುದ್ದಿ. ಚಾಪೆಯ ಮೇಲೆ ಇನ್ನೂ ಐದು ಮಂದಿ ಹೆಚ್ಚಾದರು, ನನ್ನ ಹರಕೆ ಮರೆತೇ ಹೋಯಿತು.

ಎರಡು ಭಾನುವಾರ ಕಳೆದು ಮುದ್ದಮ್ಮ ಬಂದಳು. ಉಳಿದವರೆಲ್ಲ ಹೋಗುವ ತನಕ ಕಾದು ಪುಸ್ತಕ ಬಿಚ್ಚಿದಳು. ಹರಿದ ಪುಟದ ಜಾಗದಲ್ಲಿ ಇಡೀ ಲೇಬಲ್ಲನ್ನು ತನ್ನ ಕೈಯಲ್ಲೇ ಬರೆದಿದ್ದಳು, ಹನ್ನೊಂದು ಸಾಲು.

"ಯಾವುದನ್ನು ನೋಡಿ ಬರೆದೆ?"

"ನೋಡಿಲ್ಲ. ಜೀಪಲ್ಲಿ ಅಷ್ಟು ಸಲ ಓದಿದ್ನಲ್ಲ. ಇನ್ಮೇಲೆ ಡಬ್ಬದಿಂದ ಕೀಳಲ್ಲ, ಅಲ್ಲೇ ಕೂತು ಬರ್ಕೊಳ್ತೀನಿ. ಬೆಳಿಗ್ಗೆ ಆಳು ಸೇರೋ ಹೊತ್ತಿಗೆ ನಿಂಗಯ್ಯ ಡಬ್ಬ ಹಿಡ್ಕೊಳ್ತಾರೆ, ನಾನು ಔಷಧಿ ಹೊಡೆಯೋರಿಗೆ ಓದಿ ಹೇಳ್ತೀನಿ. ನಾಜಲ್ಲಿಗೆ ಸೂಜಿನೂ ಕೊಡ್ಸಿದೀನಿ. ತಪ್ಪಿದ್ರೆ ಗುರುತು ಹಾಕಿ."

ಕೆಂಪು ಪೆನ್ನು ಹಿಡಿದು ಹುಡುಕಿದೆ. ಒಂದು ತಪ್ಪೂ ಸಿಗಲಿಲ್ಲ.

"ಅವತ್ತು ಓದಿದ್ದು ನೀವು," ಎಂದೆ. ಅವಳಿಗೆ ನೀವು ಎಂದದ್ದು ಅದೇ ಮೊದಲು. "ಡಾಕ್ಟರ ಹತ್ರ ಯಾಕೆ ಹಾಗೆ ಹೇಳಿದ್ರಿ?"

"ನಾನು ಅಂದಿದ್ರೆ ಹೇಗಾಯ್ತು, ಎಂತಾಯ್ತು ಅಂತ ಕೇಳೋರು. ಹಾಲಿನ ಮಾತೂ ಆಚೆ ಬರೋದು. ಆಮೇಲೆ ನಿಮ್ಮ ಹತ್ರ ಯಾರು ಬರ್ತಿದ್ರು ಟೀಚರ್? ನನಗಿನ್ನೂ ಕಲಿಯೋದು ಬೇಕಾದಷ್ಟಿದೆ." ಪುಸ್ತಕವನ್ನು ನನ್ನತ್ತ ತಳ್ಳಿದಳು. "ಪಾಠ ಮಾಡಿ."

ನನ್ನಿಂದಾಗಲಿಲ್ಲ. ಪುಸ್ತಕವನ್ನು ಅವಳತ್ತಲೇ ತಿರುಗಿಸಿ, ನೀವು ಓದಿ ಎಂದೆ. ಕುರ್ಚಿ ಬಿಟ್ಟು ಅವಳ ಎದುರು ಚಾಪೆಯ ಮೇಲೆ ಕೂತೆ. ಅವಳು ಬೆರಳಿಟ್ಟು ಮೊದಲ ಪದದಿಂದ ಶುರು ಮಾಡಿದಳು, ನಾನು ಫುಲ್‌ಸ್ಟಾಪ್ ತನಕ ಬಾಯಿ ಬಿಡಲಿಲ್ಲ.